ಮೆಣಸಿನಕಾಯಿ ಚೀಲಕ್ಕೆ ಬ್ಲಾಕ್‌ಚೈನ್: ಏನದು, ಯಾರಿಗೆ ಬೇಕು?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಬ್ಯಾಡಗಿ ಕಡೆಯ ರೈತ ಉತ್ಪಾದಕ ಕಂಪನಿ. ಸದಸ್ಯರಿಂದ ಕಡ್ಡಿ, ಡಬ್ಬಿ ಎರಡೂ ತಳಿಯ ಮೆಣಸಿನಕಾಯಿ ಕೊಂಡು, ತೊಟ್ಟು ತೆಗೆಸಿ, ಮಸಾಲೆ ಕಂಪನಿಗಳಿಗೆ ಮಾರುತ್ತೇವೆ. ಹುಬ್ಬಳ್ಳಿಯ ಸಾಫ್ಟ್‌ವೇರ್ ಸಂಸ್ಥೆಯೊಂದರವರು ಬಂದಿದ್ದರು. ಪ್ರತಿ ಚೀಲಕ್ಕೆ ಕ್ಯೂಆರ್ ಕೋಡ್ ಹಚ್ಚಿ ಬ್ಲಾಕ್‌ಚೈನ್‌ಗೆ ಏರಿಸಿದರೆ ಕಲಬೆರಕೆ ನಿಲ್ಲುತ್ತದೆ, ರಫ್ತುದಾರರು ಹೆಚ್ಚು ದರ ಕೊಡುತ್ತಾರೆ ಎನ್ನುತ್ತಾರೆ. ನಮ್ಮ ಆಡಳಿತ ಮಂಡಳಿಯ ಕೆಲವರು, ಬ್ಲಾಕ್‌ಚೈನ್ ಅಂದರೆ ಬಿಟ್‌ಕಾಯಿನ್, ಅದರ ಸಹವಾಸ ಬೇಡ ಅಂತಾರೆ. ನಿಜವಾಗಿ ಅದು ಏನು? ನಮಗೆ ಬೇಕೋ ಬೇಡವೋ?

ಉತ್ತರ: ಮೊದಲು ನೇರ ಉತ್ತರ. ಬ್ಲಾಕ್‌ಚೈನ್ ಒಮ್ಮೆ ಬರೆದ ಲೆಕ್ಕವನ್ನು ಆಮೇಲೆ ಯಾರೂ ಗುಟ್ಟಾಗಿ ತಿದ್ದದಂತೆ ಕಾಯುತ್ತದೆ. ಬರೆಯುವಾಗಲೇ ಸುಳ್ಳು ಬರೆದರೆ ಆ ಸುಳ್ಳನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ನಿಮ್ಮ ತೊಂದರೆ ಕಲಬೆರಕೆ. ಅದು ನಡೆಯುವುದು ಕಣದಲ್ಲಿ, ಗೋದಾಮಿನಲ್ಲಿ, ಚೀಲದ ಬಾಯಿ ಬಿಚ್ಚಿದಾಗ. ಕಂಪ್ಯೂಟರಿನಲ್ಲಿ ಅಲ್ಲ. ಆದ್ದರಿಂದ ಈ ವರ್ಷ ನಿಮ್ಮ ದುಡ್ಡು ಮೊದಲು ಹೋಗಬೇಕಾದದ್ದು ತೂಕ, ಸೀಲು, ಮಾದರಿ ಪರೀಕ್ಷೆಗೆ. ಬ್ಲಾಕ್‌ಚೈನ್‌ನ ಪ್ರಯೋಜನದಲ್ಲಿ ನಿಮಗೆ ಬೇಕಾದ ಭಾಗವನ್ನು ಬಹುತೇಕ ಪುಕ್ಕಟೆಯಾಗಿ ಪಡೆಯುವ ದಾರಿಯೂ ಇದೆ. ಅದನ್ನು ಹೇಳುವ ಮೊದಲು ಒಳಗಿನ ಕೆಲಸ ಹೇಗೆ ನಡೆಯುತ್ತದೆ ಎಂಬುದು ನಿಮಗೆ ಗೊತ್ತಿರಬೇಕು. ಇಲ್ಲವಾದರೆ ಮಾರಾಟಗಾರರು ಹೇಳಿದ್ದನ್ನು ಒರೆಗೆ ಹಚ್ಚಲು ಬರುವುದಿಲ್ಲ.

ದಲಾಲಿ ಅಂಗಡಿಯ ರೋಜಕೀರ್ದಿಯನ್ನು ನೆನೆಯಿರಿ. ಒಂದು ಪುಟದ ಕೊನೆಯ ಶಿಲ್ಕು ಮುಂದಿನ ಪುಟದ ಮೊದಲ ಸಾಲಾಗುತ್ತದೆ. ಹೀಗಾಗಿ ಹಳೆಯ ಪುಟದಲ್ಲಿ ಒಂದು ಅಂಕಿ ತಿದ್ದಿದರೆ ಅಲ್ಲಿಂದ ಮುಂದಿನ ಯಾವ ಪುಟವೂ ತಾಳೆಯಾಗುವುದಿಲ್ಲ. ಆದರೂ ಕೀರ್ದಿ ಒಬ್ಬರ ಕೈಯಲ್ಲೇ ಇದ್ದರೆ ಅವರು ರಾತ್ರಿ ಕೂತು ಇಡೀ ಪುಸ್ತಕವನ್ನೇ ಹೊಸದಾಗಿ ಬರೆಯಬಹುದು. ಅದೇ ಪುಸ್ತಕದ ಪ್ರತಿ ಐದು ಅಂಗಡಿಯಲ್ಲಿದ್ದು, ಪ್ರತಿ ಸಂಜೆ ಐವರೂ ತಾಳೆ ನೋಡುತ್ತಿದ್ದರೆ ಆ ಆಟ ನಡೆಯದು. ಬ್ಲಾಕ್‌ಚೈನ್ ಇಷ್ಟೇ: ಪುಟಕ್ಕೆ ಪುಟ ಕೊಂಡಿ ಹಾಕಿದ ಲೆಕ್ಕ, ಅದರ ಹಲವು ಪ್ರತಿಗಳು, ಮುಂದಿನ ಪುಟ ಯಾವುದೆಂದು ಪ್ರತಿ ಇಟ್ಟುಕೊಂಡವರೆಲ್ಲ ಒಪ್ಪುವ ಒಂದು ನಿಯಮ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಸಾಮಾನ್ಯ ಡೇಟಾಬೇಸ್.

ಕೊಂಡಿಯ ಕೆಲಸ ಮಾಡುವುದು ‘ಹ್ಯಾಶ್’ ಎಂಬ ಲೆಕ್ಕಾಚಾರ. ಹೆಚ್ಚು ಬಳಕೆಯಲ್ಲಿರುವುದು ಶಾ-256. ಎಷ್ಟೇ ದೊಡ್ಡ ಕಡತ ಕೊಟ್ಟರೂ ಅದು 256 ಬಿಟ್‌ನ, ಅಂದರೆ 64 ಅಕ್ಷರದ ಒಂದು ಗುರುತು ಕೊಡುತ್ತದೆ. ಕಡತದಲ್ಲಿ ಒಂದೇ ಚುಕ್ಕೆ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಗುರುತಿನಿಂದ ಹಿಂದಕ್ಕೆ ಹೋಗಿ ಕಡತವನ್ನು ಕಂಡುಹಿಡಿಯಲಾಗದು. ಒಂದೇ ಗುರುತು ಬರುವ ಎರಡು ಬೇರೆ ಕಡತಗಳನ್ನು ಬೇಕೆಂದೇ ತಯಾರಿಸುವ ದಾರಿಯೂ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಒಂದಷ್ಟು ನಮೂದುಗಳನ್ನು ಸೇರಿಸಿ ಒಂದು ಬ್ಲಾಕ್ ಮಾಡುತ್ತಾರೆ. ಅದರ ತಲೆಬರಹದಲ್ಲಿ ಹಿಂದಿನ ಬ್ಲಾಕಿನ ಹ್ಯಾಶ್ ಇರುತ್ತದೆ. ಬಿಟ್‌ಕಾಯಿನ್‌ನಲ್ಲಿ ಈ ತಲೆಬರಹ ಬರೀ 80 ಬೈಟ್: ಆವೃತ್ತಿ, ಹಿಂದಿನ ಹ್ಯಾಶ್, ಬ್ಲಾಕಿನೊಳಗಿನ ಎಲ್ಲ ನಮೂದುಗಳ ಒಟ್ಟು ಹ್ಯಾಶ್, ಸಮಯ, ಕಷ್ಟದ ಮಟ್ಟ, ಮತ್ತು ನಾನ್ಸ್ ಎಂಬ ಒಂದು ಸಂಖ್ಯೆ.

ಆ ‘ಒಟ್ಟು ಹ್ಯಾಶ್’ ನಿಮ್ಮ ಕೆಲಸಕ್ಕೂ ಬರುವಂಥದ್ದು, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಇದಕ್ಕೆ ಮರ್ಕಲ್ ಟ್ರೀ ಎನ್ನುತ್ತಾರೆ. ರಾಲ್ಫ್ ಮರ್ಕಲ್ 1970ರ ದಶಕದ ಕೊನೆಗೆ ರೂಪಿಸಿದ್ದು. ನಮೂದುಗಳನ್ನು ಎರಡೆರಡಾಗಿ ಜೋಡಿಸಿ ಹ್ಯಾಶ್ ಮಾಡಿ, ಬಂದ ಹ್ಯಾಶ್‌ಗಳನ್ನು ಮತ್ತೆ ಎರಡೆರಡಾಗಿ ಜೋಡಿಸುತ್ತ ಹೋದರೆ ತುದಿಯಲ್ಲಿ ಒಂದೇ ಹ್ಯಾಶ್ ಉಳಿಯುತ್ತದೆ. ದಿನಕ್ಕೆ 3,000 ಚೀಲ ಇದ್ದರೂ ತುದಿಯ ಹ್ಯಾಶ್ ಒಂದೇ. ಅದರಲ್ಲಿ ನಿರ್ದಿಷ್ಟ ಒಂದು ಚೀಲದ ನಮೂದು ಇತ್ತೆಂದು ಸಾಬೀತು ಮಾಡಲು 12 ಹ್ಯಾಶ್ ತೋರಿಸಿದರೆ ಸಾಕು, ಅಂದರೆ 384 ಬೈಟ್. ಹತ್ತು ಲಕ್ಷ ಚೀಲ ಇದ್ದರೆ 20 ಹ್ಯಾಶ್. ಉಳಿದ ಚೀಲಗಳ ವಿವರವನ್ನು ಕೊಳ್ಳುವವರಿಗೆ ತೋರಿಸಬೇಕಾಗಿಯೇ ಇಲ್ಲ. ಪ್ರತಿ ಚೀಲವನ್ನೂ ಬ್ಲಾಕ್‌ಚೈನ್‌ನಲ್ಲಿ ಬರೆಯುತ್ತೇವೆ ಎಂದು ಯಾರಾದರೂ ಚೀಲಕ್ಕಿಷ್ಟು ಎಂದು ಶುಲ್ಕ ಕೇಳಿದರೆ ಇದನ್ನು ನೆನಪಿಡಿ. ದಿನಕ್ಕೆ ಒಂದು ಹ್ಯಾಶ್ ಬರೆದರೂ ಅಷ್ಟೇ ಭದ್ರತೆ ಸಿಗುತ್ತದೆ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಬಿಟ್‌ಕಾಯಿನ್‌ನ ಸ್ವಂತದ್ದು ಏನೂ ಇಲ್ಲ. ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ್ಟಾ 1991ರಲ್ಲೇ ದಾಖಲೆಗಳಿಗೆ ಸಮಯದ ಮುದ್ರೆ ಒತ್ತಲು ಹ್ಯಾಶ್‌ಗಳ ಸರಪಳಿಯನ್ನು ವಿವರಿಸಿದ್ದರು. ಅವರ ಸಂಸ್ಥೆ 1995ರಿಂದ ವಾರಕ್ಕೊಮ್ಮೆ ಒಟ್ಟು ಹ್ಯಾಶನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜಾಹೀರಾತು ಕಾಲಂನಲ್ಲಿ ಅಚ್ಚು ಹಾಕಿಸುತ್ತಿತ್ತು. ಪತ್ರಿಕೆ ಮನೆಮನೆಗೆ ಹೋದ ಮೇಲೆ ಅದನ್ನು ತಿದ್ದುವವರು ಯಾರು? ಇದನ್ನು ಮರೆಯಬೇಡಿ, ಮುಂದೆ ಹೇಳುವ ಅಗ್ಗದ ದಾರಿ ಇದೇ ತತ್ವದ್ದು. ಬಿಟ್‌ಕಾಯಿನ್ ಬಂದದ್ದು ಆಮೇಲೆ. ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಲೇಖನ ಹೊರಬಿತ್ತು, ಮೊದಲ ಬ್ಲಾಕ್‌ನ ದಿನಾಂಕ 2009ರ ಜನವರಿ 3. ಬಿಟ್‌ಕಾಯಿನ್ ಬಿಡಿಸಿದ ಒಗಟು ಬೇರೆ: ಒಬ್ಬರಿಗೊಬ್ಬರು ಗೊತ್ತಿಲ್ಲದ ಸಾವಿರಾರು ಜನ, ನಡುವೆ ಬ್ಯಾಂಕು ಇಲ್ಲದೆ, ಮುಂದಿನ ಪುಟ ಯಾವುದೆಂದು ಹೇಗೆ ಒಪ್ಪುವುದು?

ಅದರ ಉತ್ತರ ‘ಪ್ರೂಫ್ ಆಫ್ ವರ್ಕ್’. ನಾನ್ಸ್ ಸಂಖ್ಯೆಯನ್ನು ಬದಲಿಸುತ್ತ ಬದಲಿಸುತ್ತ, ನಿಗದಿತ ಮಿತಿಗಿಂತ ಚಿಕ್ಕ ಹ್ಯಾಶ್ ಬರುವವರೆಗೆ ಯಂತ್ರಗಳು ಪ್ರಯತ್ನಿಸುತ್ತವೆ. ಮೊದಲು ಸಿಕ್ಕವರು ಬ್ಲಾಕ್ ಸೇರಿಸುತ್ತಾರೆ. ಈ ಕೆಲಸಕ್ಕೆ ಗಣಿಗಾರಿಕೆ ಎನ್ನುತ್ತಾರೆ. ಸರಾಸರಿ 10 ನಿಮಿಷಕ್ಕೊಂದು ಬ್ಲಾಕ್ ಬರುವಂತೆ, 2,016 ಬ್ಲಾಕಿಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ಕಷ್ಟದ ಮಟ್ಟ ಹೊಂದಿಕೊಳ್ಳುತ್ತದೆ. ಹಳೆಯದನ್ನು ತಿದ್ದಬೇಕೆಂದರೆ ಆಮೇಲಿನ ಎಲ್ಲ ಬ್ಲಾಕುಗಳ ಕೆಲಸವನ್ನೂ ಮತ್ತೆ ಮಾಡಿ ಎಲ್ಲರನ್ನೂ ಹಿಂದೆ ಹಾಕಬೇಕು. ಅದಕ್ಕೆ ತಗಲುವ ವಿದ್ಯುತ್ತೇ ಬೇಲಿ. ಇನ್ನೊಂದು ದೊಡ್ಡ ಬ್ಲಾಕ್‌ಚೈನ್ ಆದ ಇಥೀರಿಯಂ 2022ರ ಸೆಪ್ಟೆಂಬರ್ 15ರಂದು ಈ ವಿಧಾನ ಬಿಟ್ಟು ‘ಪ್ರೂಫ್ ಆಫ್ ಸ್ಟೇಕ್’ಗೆ ಹೋಯಿತು. ಅಲ್ಲಿ ಅದರ ನಾಣ್ಯವಾದ ಈಥರ್ ಅನ್ನು ಕನಿಷ್ಠ 32 ಠೇವಣಿ ಇಟ್ಟವರು ಬ್ಲಾಕ್ ಬರೆಯುತ್ತಾರೆ, ಮೋಸ ಮಾಡಿದರೆ ಠೇವಣಿ ಮುಟ್ಟುಗೋಲು. ವಿದ್ಯುತ್ ಬಳಕೆ ಶೇಕಡ 99ಕ್ಕಿಂತ ಹೆಚ್ಚು ಇಳಿಯಿತು.

ನಿಮಗೆ ತೋರಿಸಿದ್ದು ಬಹುಶಃ ಮೂರನೆಯ ಬಗೆ: ಅನುಮತಿ ಪಡೆದವರ ಬ್ಲಾಕ್‌ಚೈನ್. ಲಿನಕ್ಸ್ ಫೌಂಡೇಶನ್ ಆಶ್ರಯದ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಇದರಲ್ಲಿ ಹೆಸರುವಾಸಿ. ಇಲ್ಲಿ ನಾಣ್ಯವೂ ಇಲ್ಲ, ಗಣಿಗಾರಿಕೆಯೂ ಇಲ್ಲ. ಗುರುತು ಪರಿಶೀಲಿಸಿದ ಸಂಸ್ಥೆಗಳು ಮಾತ್ರ ಸೇರುತ್ತವೆ, ಯಾರ‍್ಯಾರ ಸಹಿ ಇದ್ದರೆ ನಮೂದು ಸಿಂಧು ಎಂಬುದನ್ನು ಮೊದಲೇ ನಿಗದಿ ಮಾಡುತ್ತವೆ. ಹೀಗಾಗಿ ನಿಮ್ಮ ಆಡಳಿತ ಮಂಡಳಿಯವರ ಭಯಕ್ಕೆ ಇಲ್ಲಿ ಆಧಾರವಿಲ್ಲ. ಬಿಟ್‌ಕಾಯಿನ್ ಬ್ಲಾಕ್‌ಚೈನ್‌ನ ಒಂದು ಬಳಕೆ, ಬ್ಲಾಕ್‌ಚೈನ್ ಅಂದರೆ ಬಿಟ್‌ಕಾಯಿನ್ ಅಲ್ಲ. ಆದರೆ ಅವರ ಎಚ್ಚರಿಕೆ ಪೂರ್ತಿ ವ್ಯರ್ಥವೂ ಅಲ್ಲ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

‘ಬ್ಲಾಕ್‌ಚೈನ್‌ನಲ್ಲಿ ಬರೆದದ್ದನ್ನು ಬ್ರಹ್ಮ ಬಂದರೂ ಅಳಿಸಲಾಗದು’ ಎಂಬ ಮಾತನ್ನು ಹಾಗೇ ನಂಬಬೇಡಿ. ಅಳಿಸಲಾಗದಿರುವುದು ಪ್ರತಿಗಳು ಎಷ್ಟು ಸ್ವತಂತ್ರ ಕೈಗಳಲ್ಲಿವೆ ಎಂಬುದರ ಮೇಲೆ ನಿಂತಿದೆ. 2016ರ ಜೂನ್‌ನಲ್ಲಿ ಇಥೀರಿಯಂ ಮೇಲೆ ನಡೆಯುತ್ತಿದ್ದ ‘ದಿ ಡಿಎಒ’ ಎಂಬ ಹೂಡಿಕೆ ಒಪ್ಪಂದದ ಕೋಡಿನಲ್ಲಿದ್ದ ದೋಷ ಹಿಡಿದು ಯಾರೋ ಸುಮಾರು 36 ಲಕ್ಷ ಈಥರ್ ಎತ್ತಿದರು. ಜುಲೈನಲ್ಲಿ ಇಥೀರಿಯಂ ಸಮುದಾಯದ ಬಹುಪಾಲು ಒಪ್ಪಿ ಆ ದುಡ್ಡನ್ನು ಹಿಂದಕ್ಕೆ ತರುವಂತೆ ನಿಯಮ ಬದಲಿಸಿತು. ಒಪ್ಪದವರ ಸರಪಳಿ ಇಥೀರಿಯಂ ಕ್ಲಾಸಿಕ್ ಆಗಿ ಬೇರೆ ಉಳಿಯಿತು. ಗಣಿಗಾರಿಕೆಯ ಬಲ ಕಡಿಮೆ ಇದ್ದ ಆ ಚಿಕ್ಕ ಸರಪಳಿಯ ಮೇಲೆ 2019ರಲ್ಲಿ, ಮತ್ತೆ 2020ರಲ್ಲಿ, ಅರ್ಧಕ್ಕಿಂತ ಹೆಚ್ಚು ಬಲ ಕೂಡಿಹಾಕಿದವರು ದಾಳಿ ಮಾಡಿ ಈಚಿನ ಬ್ಲಾಕುಗಳನ್ನು ಬದಲಿಸಿದರು. ಇನ್ನು ಎಲ್ಲ ಪ್ರತಿಗಳೂ ಒಂದೇ ಸಾಫ್ಟ್‌ವೇರ್ ಸಂಸ್ಥೆಯ ಸರ್ವರ್‌ನಲ್ಲಿದ್ದರೆ? ಆಗ ಅವರು ಒಂದು ಮಧ್ಯಾಹ್ನದಲ್ಲಿ ಎಲ್ಲವನ್ನೂ ಹೊಸದಾಗಿ ಬರೆಯಬಹುದು. ಪ್ರಾತ್ಯಕ್ಷಿಕೆಗಳಲ್ಲಿ ತೋರಿಸುವ ಎಷ್ಟೋ ‘ಬ್ಲಾಕ್‌ಚೈನ್’ಗಳು ಹೀಗೇ ಇರುತ್ತವೆ. ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ನೋಡ್‌ಗಳನ್ನು, ಅಂದರೆ ಲೆಕ್ಕದ ಪ್ರತಿ ಇರುವ ಕಂಪ್ಯೂಟರುಗಳನ್ನು, ಯಾರು ಯಾರು ನಡೆಸುತ್ತಾರೆ, ಯಾರ ಖರ್ಚಿನಲ್ಲಿ?

ಬ್ಲಾಕ್‌ಚೈನ್ ನಿಜವಾಗಿ ಹೊಂದುವುದು ಎಲ್ಲಿ ಎಂದರೆ, ಹಲವು ಪಕ್ಷಗಳು ಒಂದೇ ಲೆಕ್ಕಕ್ಕೆ ಬರೆಯಬೇಕು, ಒಬ್ಬರಿಗೊಬ್ಬರ ಮೇಲೆ ಪೂರ್ತಿ ನಂಬಿಕೆ ಇರಬಾರದು, ಎಲ್ಲರೂ ಒಪ್ಪುವ ಒಬ್ಬ ಲೆಕ್ಕಿಗ ಸಿಗಬಾರದು. ನಮ್ಮ ದೇಶದಲ್ಲಿ ಇದರ ದೊಡ್ಡ ಬಳಕೆ ನಿಮ್ಮ ಜೇಬಿನಲ್ಲೇ ಇದೆ. ಬ್ಯಾಂಕಿನಿಂದ ಬರುವ ಒಟಿಪಿ, ಅಂಗಡಿಯ ಜಾಹೀರಾತು ಎಸ್‌ಎಂಎಸ್ ಎಲ್ಲವೂ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮದಂತೆ ದೂರಸಂಪರ್ಕ ಕಂಪನಿಗಳು ಹಂಚಿಕೊಂಡ ಡಿಎಲ್‌ಟಿ (ಹಂಚಿಕೆಯ ಲೆಕ್ಕದ ತಂತ್ರಜ್ಞಾನ, ಬ್ಲಾಕ್‌ಚೈನ್ ಅದರ ಒಂದು ಬಗೆ) ಲೆಕ್ಕದಲ್ಲಿ ಹಾದು ಬರುತ್ತವೆ. ಕಳುಹಿಸುವವರ ಹೆಸರು, ಸಂದೇಶದ ಮಾದರಿ ಅಲ್ಲಿ ನೋಂದಣಿ ಆಗಿರಬೇಕು. ನಿಮ್ಮ ಕಂಪನಿ ಸದಸ್ಯರಿಗೆ ದರದ ಎಸ್‌ಎಂಎಸ್ ಕಳುಹಿಸುತ್ತಿದ್ದರೆ ಡಿಎಲ್‌ಟಿ ನೋಂದಣಿ ಮಾಡಿಸಿರುತ್ತೀರಿ. ಅಲ್ಲಿ ಪೈಪೋಟಿಯ ಕಂಪನಿಗಳು ಒಂದೇ ಪಟ್ಟಿಯನ್ನು ನಂಬಬೇಕಾದ ಸಂದರ್ಭ ಇದೆ, ಆದ್ದರಿಂದ ವಿಧಾನ ಹೊಂದುತ್ತದೆ.

ಇದಕ್ಕೆ ವಿರುದ್ಧದ ಉದಾಹರಣೆ ಗೋದಾಮಿನ ರಸೀದಿ. ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟ ಮೆಣಸಿನಕಾಯಿಯ ಒಂದೇ ರಸೀದಿಯನ್ನು ಎರಡು ಬ್ಯಾಂಕಿಗೆ ಅಡವಿಡುವ ಮೋಸ ಬ್ಲಾಕ್‌ಚೈನ್‌ಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಗೋದಾಮು ನಿಯಂತ್ರಣ ಪ್ರಾಧಿಕಾರದ ಅಡಿಯಲ್ಲಿ 2017ರಿಂದ ಇರುವ ವಿದ್ಯುನ್ಮಾನ ರಸೀದಿ ವ್ಯವಸ್ಥೆ, ಎರಡು ಅಧಿಕೃತ ಭಂಡಾರಗಳ ಮೂಲಕ, ಆ ಕೆಲಸವನ್ನು ಸಾಮಾನ್ಯ ಡೇಟಾಬೇಸಿನಲ್ಲೇ ಮಾಡುತ್ತದೆ. ಎಲ್ಲರೂ ಒಪ್ಪುವ ಲೆಕ್ಕಿಗ ಇದ್ದಾಗ ಬ್ಲಾಕ್‌ಚೈನ್ ಬೇಕಿಲ್ಲ. ಅಡವು ಸಾಲ ತೆಗೆಯುವ ಸದಸ್ಯರಿಗೆ ನೋಂದಾಯಿತ ಗೋದಾಮನ್ನು ಹುಡುಕಿಕೊಡುವುದು ಯಾವ ಕ್ಯೂಆರ್ ಕೋಡಿಗಿಂತಲೂ ದೊಡ್ಡ ಉಪಕಾರ.

ಬೆಳೆಗಳ ಜಾಡು ಹಿಡಿಯುವ ಪ್ರಯತ್ನಗಳು ಹೊಸವಲ್ಲ. ಕಾಫಿ ಮಂಡಳಿ 2019ರ ಮಾರ್ಚ್‌ನಲ್ಲಿ ಬ್ಲಾಕ್‌ಚೈನ್ ಆಧಾರಿತ ಕಾಫಿ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಶುರು ಮಾಡಿತು. ಸಾಂಬಾರ ಮಂಡಳಿ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಯುಎನ್‌ಡಿಪಿ 2021ರಲ್ಲಿ ಕೈಜೋಡಿಸಿ, ಆಂಧ್ರದ ಆಯ್ದ ಜಿಲ್ಲೆಗಳ 3,000ಕ್ಕೂ ಹೆಚ್ಚು ಮೆಣಸಿನಕಾಯಿ, ಅರಿಶಿನ ಬೆಳೆಗಾರರೊಂದಿಗೆ ಇಂಥದೇ ಯೋಜನೆ ಪ್ರಕಟಿಸಿದವು. ಅಮೆರಿಕದಲ್ಲಿ ವಾಲ್‌ಮಾರ್ಟ್, ಹೆಚ್ಚಿದ ಮಾವಿನ ಹಣ್ಣಿನ ಒಂದು ಪೊಟ್ಟಣದ ಮೂಲ ಹುಡುಕಲು ಸುಮಾರು 7 ದಿನ ಬೇಕಾಗಿದ್ದದ್ದು 2.2 ಸೆಕೆಂಡಿಗೆ ಇಳಿಯಿತು ಎಂದು ತೋರಿಸಿತು. ಆ ಸಂಖ್ಯೆಯನ್ನು ನಿಮಗೂ ತೋರಿಸಿರಬಹುದು. ಗಮನಿಸಬೇಕಾದದ್ದು, 7 ದಿನ ಹಿಡಿದದ್ದು ಕಾಗದ ಹುಡುಕಲು. ಕಾಗದ ಹೋಗಿ ಒಂದೇ ನಮೂನೆಯ ಡಿಜಿಟಲ್ ಲೆಕ್ಕ ಬಂದದ್ದೇ ಆ ವೇಗದ ಮುಖ್ಯ ಕಾರಣ. ಇನ್ನೊಂದು ಕಡೆ, ಹಡಗು ಸಾಗಣೆಗಾಗಿ ಮಾರ್ಸ್ಕ್ ಮತ್ತು ಐಬಿಎಂ 2018ರಲ್ಲಿ ತಂದ ಟ್ರೇಡ್‌ಲೆನ್ಸ್ ಮುಚ್ಚುತ್ತದೆಂದು 2022ರ ನವೆಂಬರ್‌ನಲ್ಲಿ ಘೋಷಣೆಯಾಯಿತು. ತಂತ್ರಜ್ಞಾನ ಕೈಕೊಟ್ಟದ್ದಲ್ಲ, ಇಡೀ ಉದ್ಯಮ ಒಟ್ಟಿಗೆ ಬರಲಿಲ್ಲ ಎಂಬುದೇ ಅವರು ಕೊಟ್ಟ ಕಾರಣ. ಅಷ್ಟು ದೊಡ್ಡವರ ಕೈಯಲ್ಲೇ ಎಲ್ಲರನ್ನೂ ಒಂದು ಲೆಕ್ಕಕ್ಕೆ ತರಲು ಆಗಲಿಲ್ಲ ಎಂಬುದನ್ನು ಬ್ಯಾಡಗಿಯಲ್ಲಿ ಕೂತು ಯೋಚಿಸಬೇಕು.

ಈಗ ನಿಮ್ಮ ಚೀಲಕ್ಕೆ ಬರೋಣ. ಬ್ಯಾಡಗಿ ಮಾರುಕಟ್ಟೆಗೆ ಸುತ್ತಲಿನ ಹಾವೇರಿ, ಧಾರವಾಡ, ಗದಗ ಜಿಲ್ಲೆಗಳದಷ್ಟೇ ಅಲ್ಲ, ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯ ಹೈಬ್ರಿಡ್ ಕಾಯಿಯೂ ಬರುತ್ತದೆ. ಅದು ಅದರ ಹೆಸರಿನಲ್ಲೇ ಮಾರಾಟವಾದರೆ ಯಾವ ತಪ್ಪೂ ಇಲ್ಲ. ತಪ್ಪಾಗುವುದು ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿಯ ಹೆಸರಿನಲ್ಲಿ ಅದು ಹೋದಾಗ. ಮಿಶ್ರಣಕ್ಕೆ ದಾರಿ ಇರುವುದು ನಾಲ್ಕು ಕಡೆ: ರೈತರ ಕಣದಿಂದ ಚೀಲಕ್ಕೆ ತುಂಬುವಾಗ, ಲಾಟ್‌ಗಳನ್ನು ಕೂಡಿಸುವಾಗ, ತೊಟ್ಟು ತೆಗೆಯಲು ಹಾಕಿದಾಗ, ಪುಡಿ ಮಾಡುವಾಗ. ಕ್ಯೂಆರ್ ಚೀಟಿ ಇವುಗಳಲ್ಲಿ ಯಾವುದನ್ನೂ ನೋಡುವುದಿಲ್ಲ. ಅದೊಂದು ಚಿತ್ರ. ಮೊಬೈಲಿನಲ್ಲಿ ಫೋಟೊ ತೆಗೆದು ನೂರು ಪ್ರತಿ ಅಚ್ಚು ಹಾಕಬಹುದು. ಅಸಲಿ ಚೀಟಿ ಇರುವ ಚೀಲವನ್ನು ತಳದಲ್ಲಿ ಬಿಚ್ಚಿ ಬೇರೆ ಕಾಯಿ ತುಂಬಬಹುದು. ಬ್ಲಾಕ್‌ಚೈನ್ ಎರಡೂ ಸಲ ‘ಸರಿ ಇದೆ’ ಎಂದೇ ಹೇಳುತ್ತದೆ.

ಮಿಶ್ರಣ ಹಿಡಿಯುವ ಬಲವಾದ ಸಾಧನ ತೂಕದ ತಾಳೆ. ಒಂದು ಲಾಟ್‌ಗೆ 400 ಕ್ವಿಂಟಲ್ ಬಂದಿದೆ ಅನ್ನಿ. ತೊಟ್ಟು ತೆಗೆದ ಮೇಲೆ, ತೇವ ಆರಿದ ಮೇಲೆ ಅದು ಕಡಿಮೆ ಆಗಲೇಬೇಕು. ಅದೇ ಲಾಟ್ ಸಂಖ್ಯೆಯಲ್ಲಿ 410 ಕ್ವಿಂಟಲ್ ಹೊರಗೆ ಹೋಗಿದ್ದರೆ ಎಲ್ಲೋ ಬೇರೆ ಕಾಯಿ ಸೇರಿದೆ. ಇದಕ್ಕೆ ನೀವು ಮೊದಲು ನಿಮ್ಮದೇ ಇಳುವರಿ ತಿಳಿದಿರಬೇಕು. ಕಡ್ಡಿ, ಡಬ್ಬಿ ತಳಿಗಳನ್ನು ಬೇರೆ ಬೇರೆ ಇಟ್ಟು, ಹತ್ತು ಹನ್ನೆರಡು ಲಾಟ್‌ಗಳಲ್ಲಿ ತೊಟ್ಟು ತೆಗೆಯುವ ಮುನ್ನ ಮತ್ತು ಆಮೇಲೆ ತೂಕ ಮಾಡಿ, ತೇವಾಂಶ ಬರೆದಿಟ್ಟು, ಕನಿಷ್ಠ ಮತ್ತು ಗರಿಷ್ಠ ನಷ್ಟ ಎಷ್ಟೆಂದು ತಿಳಿದುಕೊಳ್ಳಿ. ತೇವಾಂಶ ಶೇಕಡ 11ರ ಒಳಗಿರಲಿ. ಹೆಚ್ಚಿದ್ದರೆ ತೂಕದ ಲೆಕ್ಕ ಕೆಡುವುದಷ್ಟೇ ಅಲ್ಲ, ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ಎಂಬ ವಿಷ ಬರುತ್ತದೆ. ಯುರೋಪಿನ ಮಿತಿ ಒಣಮೆಣಸಿನಕಾಯಿಗೆ ಕಿಲೊಗೆ ಬರೀ 10 ಮೈಕ್ರೊಗ್ರಾಂ, ಅದರಲ್ಲಿ ಬಿ1 ಬಗೆಯದು 5 ಮೀರುವಂತಿಲ್ಲ. ಆಮೇಲೆ ಸಾಫ್ಟ್‌ವೇರ್‌ಗೆ ಒಂದೇ ನಿಯಮ ಕೊಡಿ: ಬಂದ ತೂಕದಲ್ಲಿ ಕನಿಷ್ಠ ನಷ್ಟ ಕಳೆದು ಉಳಿದದ್ದಕ್ಕಿಂತ ಹೆಚ್ಚು ತೂಕಕ್ಕೆ ಚೀಟಿ ಅಚ್ಚಾಗಕೂಡದು. ಲಾಟ್‌ಗಳನ್ನು ಕೂಡಿಸಿದರೆ ಹೊಸ ಲಾಟ್ ಸಂಖ್ಯೆ ಬೇಕು, ಅದರಲ್ಲಿ ಮೂಲ ಲಾಟ್‌ಗಳ ಸಂಖ್ಯೆ ಮತ್ತು ತೂಕ ಎರಡೂ ಇರಬೇಕು. ಎಷ್ಟೋ ವ್ಯವಸ್ಥೆಗಳು ಇಲ್ಲೇ ಮುರಿಯುತ್ತವೆ. ಚೀಲದಿಂದ ಚೀಲಕ್ಕೆ ಜಾಡು ತೋರಿಸುತ್ತವೆ, ರಾಶಿ ಮಾಡಿದ ಮೇಲೆ ಯಾವ ಕಾಯಿ ಯಾರದೆಂದು ಹೇಳಲು ಬರುವುದಿಲ್ಲ. ರಾಶಿಯ ಮಟ್ಟದಲ್ಲೇ ಪ್ರಾಮಾಣಿಕವಾಗಿ ‘ಈ ಹದಿನೆಂಟು ರೈತರ ಕಾಯಿ’ ಎಂದು ಹೇಳುವುದು ಒಳ್ಳೆಯದು.

ಇದರ ಜೊತೆಗೆ ಮಾದರಿ. ಪ್ರತಿ ಲಾಟ್‌ನಿಂದ ಚೀಲದ ಮೇಲೆ, ನಡುವೆ, ತಳ ಮೂರೂ ಕಡೆಯಿಂದ ತೆಗೆದು ಕೂಡಿಸಿ, ಎರಡು ಭಾಗ ಮಾಡಿ ಸೀಲು ಹಾಕಿ. ಒಂದು ಪ್ರಯೋಗಾಲಯಕ್ಕೆ, ಇನ್ನೊಂದು ನಿಮ್ಮಲ್ಲಿ ತಂಪಾದ ಕತ್ತಲ ಜಾಗದಲ್ಲಿ. ಆಸ್ಟಾ ಬಣ್ಣ (ಕೆಂಪು ಎಷ್ಟು ಗಾಢ ಎಂಬ ಅಳತೆ) ಮತ್ತು ಕ್ಯಾಪ್ಸೈಸಿನ್ (ಖಾರ ಕೊಡುವ ಅಂಶ) ಎರಡೂ ಪರೀಕ್ಷೆ ಮಾಡಿಸಿ. ಬಣ್ಣ ಒಂದೇ ಸಾಲದು, ಏಕೆಂದರೆ ಬಣ್ಣವಿರುವ ಹೈಬ್ರಿಡ್ ಕಾಯಿಗಳೂ ಇವೆ. ಬಣ್ಣ ದಿನ ಕಳೆದಂತೆ ಇಳಿಯುತ್ತದೆ, ಹೀಗಾಗಿ ಪರೀಕ್ಷೆಯ ದಿನಾಂಕವಿಲ್ಲದ ಆಸ್ಟಾ ಸಂಖ್ಯೆಗೆ ಬೆಲೆಯಿಲ್ಲ. 2005ರಲ್ಲಿ ಸುಡಾನ್-1 ಎಂಬ ನಿಷೇಧಿತ ಬಣ್ಣ ಬೆರೆತ ಮೆಣಸಿನ ಪುಡಿಯಿಂದಾಗಿ ಬ್ರಿಟನ್‌ನಲ್ಲಿ ನೂರಾರು ಆಹಾರ ಪದಾರ್ಥಗಳನ್ನು ಅಂಗಡಿಗಳಿಂದ ವಾಪಸ್ ತರಿಸಬೇಕಾಯಿತು. ರಫ್ತುದಾರರು ಜಾಡು ಕೇಳುವುದು ಇಂಥ ದಿನಕ್ಕಾಗಿ. ‘ಈ ಲಾಟ್ ನಮ್ಮದಲ್ಲ, ಇಗೋ ನಮ್ಮ ಮಾದರಿ, ಇಗೋ ಅಂದಿನ ವರದಿ’ ಎಂದು ಹೇಳಬಲ್ಲವರಿಗೆ ಅವರು ಮತ್ತೆ ಮತ್ತೆ ಬರುತ್ತಾರೆ. ಚೀಟಿ ಇದೆ ಎಂಬ ಒಂದೇ ಕಾರಣಕ್ಕೆ ದರ ಏರುವುದಿಲ್ಲ. ಮಾರಾಟಗಾರರು ಹೆಚ್ಚಿನ ದರದ ಭರವಸೆ ಕೊಟ್ಟರೆ, ಅಷ್ಟು ಕೊಡಲು ಒಪ್ಪಿದ ಖರೀದಿದಾರರ ಪತ್ರ ತೋರಿಸಿ ಎನ್ನಿ.

ಜಿಐ, ಅಂದರೆ ಭೌಗೋಳಿಕ ಗುರುತಿನ ಮಾತೂ ಇಲ್ಲಿ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಆದರೆ ಆ ಗುರುತನ್ನು ಹಾಕಲು 1999ರ ಕಾಯ್ದೆಯಂತೆ ‘ಅಧಿಕೃತ ಬಳಕೆದಾರ’ ಎಂದು ನೋಂದಣಿ ಬೇಕು. ಸದಸ್ಯರ ಮತ್ತು ಕಂಪನಿಯ ನೋಂದಣಿ ಮುಗಿಸದೆ ಜಿಐ ಗುರುತಿರುವ ಕ್ಯೂಆರ್ ಚೀಟಿ ಹಚ್ಚಬೇಡಿ.

ಇನ್ನು ಆ ಅಗ್ಗದ ದಾರಿ. ಪ್ರತಿ ವಹಿವಾಟಿನ ಸಂಜೆ, ಆ ದಿನದ ಎಲ್ಲ ಲಾಟ್‌ಗಳ ವಿವರ ಒಂದೇ ಕಡತದಲ್ಲಿರಲಿ: ಲಾಟ್ ಸಂಖ್ಯೆ, ಮಾರುಕಟ್ಟೆಯಲ್ಲಿ ಕೊಂಡದ್ದಾದರೆ ಎಪಿಎಂಸಿಯ ಲಾಟ್ ಸಂಖ್ಯೆ, ತಳಿ, ಗ್ರಾಮ, ರೈತರ ಸದಸ್ಯತ್ವ ಸಂಖ್ಯೆ, ಒಟ್ಟು ತೂಕ, ತೇವಾಂಶ, ಸೀಲ್ ಸಂಖ್ಯೆ, ಮಾದರಿ ಸಂಖ್ಯೆ. ಕಡತವನ್ನು ಮುಚ್ಚಿ ಶಾ-256 ಹ್ಯಾಶ್ ತೆಗೆಯಿರಿ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಅದಕ್ಕೆ ಬೇಕಾದ ಆಜ್ಞೆ ಮೊದಲೇ ಇದೆ, ಕೊಳ್ಳುವುದು ಏನೂ ಇಲ್ಲ. ಕಡತದ ಮೊದಲ ಸಾಲಿನಲ್ಲಿ ಹಿಂದಿನ ದಿನದ ಹ್ಯಾಶ್ ಇರಲಿ. ಇದು ನಿಮ್ಮ ಸರಪಳಿ. ಆ 64 ಅಕ್ಷರಗಳನ್ನು ಅದೇ ಸಂಜೆ ನಿಮ್ಮ ಬ್ಯಾಂಕು, ಲೆಕ್ಕಪರಿಶೋಧಕರು, ಇಬ್ಬರು ಮೂವರು ದೊಡ್ಡ ಖರೀದಿದಾರರಿಗೆ ಇ-ಮೇಲ್ ಮಾಡಿ. ಇನ್ನೂ ಗಟ್ಟಿ ಬೇಕೆಂದರೆ ಓಪನ್‌ಟೈಮ್‌ಸ್ಟ್ಯಾಂಪ್ಸ್ ಎಂಬ ಪುಕ್ಕಟೆ ಸೇವೆ ಇದೆ. ಅದು ಜಗತ್ತಿನ ಹಲವರ ಹ್ಯಾಶ್‌ಗಳನ್ನು ಮರ್ಕಲ್ ಟ್ರೀಯಲ್ಲಿ ಕೂಡಿಸಿ, ತುದಿಯ ಒಂದನ್ನು ಬಿಟ್‌ಕಾಯಿನ್ ಬ್ಲಾಕಿಗೆ ಸೇರಿಸುತ್ತದೆ. ನೀವು ಬಿಟ್‌ಕಾಯಿನ್ ಕೊಳ್ಳಬೇಕಾಗಿಲ್ಲ. ಕೆಲವು ಗಂಟೆಗಳಲ್ಲಿ ಪೂರ್ತಿಯಾಗುವ ಚಿಕ್ಕ ಸಾಕ್ಷಿ ಕಡತವೊಂದು ಸಿಗುತ್ತದೆ. ಅದನ್ನೂ ಮೂಲ ಕಡತವನ್ನೂ ಎರಡು ಕಡೆ ಜೋಪಾನ ಮಾಡಿ. ಮೂಲ ಕಡತದಲ್ಲಿ ಆಮೇಲೆ ಒಂದು ಖಾಲಿ ಜಾಗ ಸೇರಿದರೂ, ಎಕ್ಸೆಲ್‌ನಲ್ಲಿ ತೆರೆದು ಮತ್ತೆ ಉಳಿಸಿದರೂ, ಹ್ಯಾಶ್ ಹೊಂದುವುದಿಲ್ಲ. ಈ ತಪ್ಪು ಬಹಳ ಸಾಮಾನ್ಯ. ಕಡತವನ್ನು ‘ಓದಲು ಮಾತ್ರ’ ಎಂದು ಗುರುತು ಮಾಡಿ ಇಡಿ. ನಮೂದು ತಪ್ಪಾಗಿದ್ದರೆ ಹಳೆಯದನ್ನು ಮುಟ್ಟದೆ, ಮರುದಿನದ ಕಡತದಲ್ಲಿ ತಿದ್ದುಪಡಿಯ ನಮೂದು ಹಾಕಿ. ಈ ಸಾಕ್ಷಿ ಹೇಳುವುದು ಇಷ್ಟೇ: ಈ ಕಡತ ಆ ಹೊತ್ತಿಗೆ ಹೀಗೇ ಇತ್ತು. ಅದರಲ್ಲಿರುವುದು ನಿಜವೋ ಎಂಬುದಕ್ಕೆ ತೂಕ, ಸೀಲು, ಮಾದರಿಗಳೇ ಸಾಕ್ಷಿ.

ರೈತರ ಹೆಸರು, ಮೊಬೈಲ್, ಆಧಾರ್, ಉತಾರದ ಪ್ರತಿ ಯಾವುದನ್ನೂ ಬ್ಲಾಕ್‌ಚೈನ್‌ಗೆ ಏರಿಸಬಾರದು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಜನರಿಗೆ ತಮ್ಮ ವಿವರ ಅಳಿಸಿ ಎಂದು ಕೇಳುವ ಹಕ್ಕು ಕೊಟ್ಟಿದೆ. ಅಳಿಸಲಾಗದ ಲೆಕ್ಕದಲ್ಲಿ ಹಾಕಿ ಆ ಹಕ್ಕನ್ನು ಪಾಲಿಸುವುದು ಹೇಗೆ? ‘ನಾವು ಮೊಬೈಲ್ ನಂಬರ್‌ನ ಹ್ಯಾಶ್ ಮಾತ್ರ ಹಾಕುತ್ತೇವೆ’ ಎಂದರೂ ಒಪ್ಪಬೇಡಿ. ಹತ್ತು ಅಂಕಿಯ ಸಂಖ್ಯೆಗಳು ಒಟ್ಟು ಸಾವಿರ ಕೋಟಿ. ಅಷ್ಟನ್ನೂ ಹ್ಯಾಶ್ ಮಾಡಿ ಹೋಲಿಸುವುದು ಇಂದಿನ ಒಂದು ಗ್ರಾಫಿಕ್ಸ್ ಕಾರ್ಡಿಗೆ ಕೆಲವೇ ಸೆಕೆಂಡಿನ ಕೆಲಸ. ಪ್ರತಿ ನಮೂದಿಗೂ ಬೇರೆಯ ಗುಟ್ಟಿನ ಅಕ್ಷರಮಾಲೆ ಸೇರಿಸಿ ಹ್ಯಾಶ್ ಮಾಡಬೇಕು, ಆ ಗುಟ್ಟು ನಿಮ್ಮಲ್ಲೇ ಉಳಿಯಬೇಕು.

ಮುಂದೊಂದು ದಿನ ರಫ್ತುದಾರರು, ಬ್ಯಾಂಕು, ಪ್ರಯೋಗಾಲಯ, ನಿಮ್ಮಂಥ ಎರಡು ಮೂರು ರೈತ ಕಂಪನಿಗಳು ಒಟ್ಟಿಗೆ ಸೇರಿ ತಮ್ಮ ತಮ್ಮ ನೋಡ್ ನಡೆಸಲು ಒಪ್ಪಿದರೆ ಹಂಚಿಕೆಯ ಬ್ಲಾಕ್‌ಚೈನ್ ಅರ್ಥಪೂರ್ಣ. ಆಗ ಪ್ರಯೋಗಾಲಯವೇ ತನ್ನ ವರದಿಗೆ ಸಹಿ ಹಾಕಿ ಬರೆಯುತ್ತದೆ, ನೀವು ಅದನ್ನು ಮುಟ್ಟಲಾರಿರಿ. ಅದು ನಿಜವಾದ ಲಾಭ. ಒಂದು ನೋಡ್ ಮೋಸ ಮಾಡಿದರೂ ಲೆಕ್ಕ ಸರಿ ಇರಬೇಕೆಂದರೆ ಕನಿಷ್ಠ 4 ನೋಡ್‌ಗಳು ಬೇಕು, ಎರಡಕ್ಕೆ 7. ಬರೀ ಕೆಟ್ಟು ನಿಲ್ಲುವುದನ್ನು ತಡೆಯಲು 3 ಸಾಕು, ಒಂದು ನಿಂತರೂ ನಡೆಯುತ್ತದೆ. ಫ್ಯಾಬ್ರಿಕ್‌ನಲ್ಲಿ ಹೆಚ್ಚಾಗಿ ಕೈಕೊಡುವುದು ಹ್ಯಾಶೂ ಅಲ್ಲ, ಬ್ಲಾಕೂ ಅಲ್ಲ, ಸೇರಿದ ಸಂಸ್ಥೆಗಳ ಗುರುತು ತೋರಿಸುವ ಡಿಜಿಟಲ್ ಪ್ರಮಾಣಪತ್ರ. ಬೇರೆ ಏನೂ ಹೇಳದಿದ್ದರೆ ಅದರ ಅವಧಿ ಒಂದು ವರ್ಷ. ನವೀಕರಿಸುವುದನ್ನು ಮರೆತರೆ ಸುಗ್ಗಿಯ ನಡುವೆ ಇಡೀ ಜಾಲ ನಿಲ್ಲುತ್ತದೆ. ನವೀಕರಣ ಯಾರ ಹೊಣೆ ಎಂಬುದನ್ನು ಕರಾರಿನಲ್ಲಿ ಬರೆಸಿ. ಸಹಿಯ ಕೀಲಿ ಒಬ್ಬರ ಮೊಬೈಲಿನಲ್ಲಿ ಇರಬಾರದು. ಅಧ್ಯಕ್ಷರು, ಸಿಇಒ, ಲೆಕ್ಕಿಗರು ಮೂವರಲ್ಲಿ ಇಬ್ಬರ ಸಹಿ ಬೇಕೆಂಬ ನಿಯಮ ಇಟ್ಟರೆ ಒಬ್ಬರ ಫೋನು ಕಳೆದರೂ ಕೆಲಸ ನಿಲ್ಲದು. ಹಳ್ಳಿಯಲ್ಲಿ ನೆಟ್‌ವರ್ಕ್ ಇಲ್ಲದಾಗ ನಮೂದು ಮೊಬೈಲಿನಲ್ಲೇ ಕೂತಿರುತ್ತದೆ, ಆ ಹೊತ್ತಿನಲ್ಲಿ ತಿದ್ದಬಹುದು. ತೂಕದ ಯಂತ್ರದಿಂದ ಅಂಕಿ ನೇರವಾಗಿ ಮೊಬೈಲಿಗೆ ಬರುವಂತೆ, ತೂಗಿದ ಹೊತ್ತು ಮತ್ತು ಕಳುಹಿಸಿದ ಹೊತ್ತು ಎರಡೂ ದಾಖಲಾಗುವಂತೆ ಕೇಳಿ.

ಬಿಟ್‌ಕಾಯಿನ್ ಭಯದ ವಿಷಯ. ಜಾಡು ಹಿಡಿಯುವ ಕೆಲಸಕ್ಕೆ ಯಾವ ಟೋಕನ್ನೂ, ಅಂದರೆ ಕೊಂಡು ಮಾರುವ ಡಿಜಿಟಲ್ ನಾಣ್ಯವೂ ಬೇಕಿಲ್ಲ. ಸದಸ್ಯರು ‘ಕೃಷಿ ಟೋಕನ್’ ಕೊಳ್ಳಬೇಕು, ಮುಂದೆ ಅದರ ಬೆಲೆ ಏರುತ್ತದೆ, ಬೇರೆಯವರನ್ನು ಸೇರಿಸಿದರೆ ಕಮಿಷನ್ ಇದೆ ಎಂಬ ಮಾತು ಬಂದರೆ ಅಲ್ಲಿಗೇ ಮಾತುಕತೆ ಮುಗಿಸಿ. ನಮ್ಮಲ್ಲಿ ಕ್ರಿಪ್ಟೊ ಕೊಳ್ಳುವುದು, ಮಾರುವುದು ಅಪರಾಧವಲ್ಲ. ಆರ್‌ಬಿಐನ 2018ರ ಬ್ಯಾಂಕ್ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ತೆಗೆದುಹಾಕಿತು. ಆದರೆ ಅದು ಕಾನೂನುಬದ್ಧ ಹಣವೂ ಅಲ್ಲ. 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇಕಡ 30 ತೆರಿಗೆ ಇದೆ, ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯುವಂತಿಲ್ಲ. ಆ ವರ್ಷದ ಜುಲೈನಿಂದ ಶೇಕಡ 1 ಟಿಡಿಎಸ್ ಕೂಡ ಬಂತು. ಆರ್‌ಬಿಐ 2022ರ ಡಿಸೆಂಬರ್ 1ರಂದು ಜನಸಾಮಾನ್ಯರಿಗಾಗಿ ಪ್ರಾಯೋಗಿಕವಾಗಿ ತಂದ ಇ-ರುಪಾಯಿ ಬೇರೆಯೇ ವಸ್ತು, ಅದು ರೂಪಾಯಿಯೇ. ಯಾರಾದರೂ ಸದಸ್ಯರು ಈಗಾಗಲೇ ಇಂಥ ಟೋಕನ್‌ಗೆ ದುಡ್ಡು ಕಟ್ಟಿ ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ಮೊದಲ ಕೆಲವು ಗಂಟೆಗಳಲ್ಲಿ ಖಾತೆ ತಡೆಹಿಡಿಯುವ ಅವಕಾಶ ಹೆಚ್ಚು.

ಹುಬ್ಬಳ್ಳಿಯ ಸಂಸ್ಥೆಯವರನ್ನು ವಾಪಸ್ ಕಳುಹಿಸಬೇಕಿಲ್ಲ. ಲಾಟ್ ನಮೂದು, ತೂಕದ ತಾಳೆ, ಚೀಟಿ ಅಚ್ಚು, ದಿನದ ಹ್ಯಾಶ್ ಇಷ್ಟನ್ನೇ ಮಾಡಿಕೊಡಿ ಎಂದು ದರ ಕೇಳಿ. ಇದು ಯಾವುದೇ ಚಿಕ್ಕ ಸಾಫ್ಟ್‌ವೇರ್ ತಂಡ ಮಾಡಬಲ್ಲ ಕೆಲಸ. ಒಂದೇ ಸುಗ್ಗಿ, ಎರಡು ಮೂರು ಹಳ್ಳಿ, ಒಬ್ಬ ಖರೀದಿದಾರರೊಂದಿಗೆ ಶುರು ಮಾಡಿ. ಸುಗ್ಗಿಯ ನಡುವೆ ಖರೀದಿದಾರರೇ ಯಾವುದಾದರೊಂದು ಚೀಲ ಆರಿಸಿ, ಅದರ ಮೂಲ, ತೂಕ, ವರದಿಯನ್ನು ಒಂದು ಗಂಟೆಯೊಳಗೆ ತೋರಿಸಿ ಎಂದು ಕೇಳಲಿ. ಕರಾರಿನಲ್ಲಿ ಮೂರು ಮಾತು ತಪ್ಪದೆ ಇರಲಿ: ದತ್ತಾಂಶದ ಒಡೆತನ ನಿಮ್ಮ ಕಂಪನಿಯದು, ಕೇಳಿದ ದಿನ ಪೂರ್ತಿ ದತ್ತಾಂಶವನ್ನು ಬಾರ್‌ಕೋಡ್ ಮಾನದಂಡಗಳ ಜಿಎಸ್1 ಸಂಸ್ಥೆಯ ಇಪಿಸಿಐಎಸ್ ಎಂಬ ಜಾಡು-ದತ್ತಾಂಶ ನಮೂನೆಯಲ್ಲೋ ಸರಳ ಕೋಷ್ಟಕದಲ್ಲೋ ಕೊಡಬೇಕು, ಅವರ ಸಂಸ್ಥೆ ಮುಚ್ಚಿದರೂ ಚೀಲದ ಮೇಲಿನ ಕ್ಯೂಆರ್ ತೆರೆಯಬೇಕು. ಮೂರನೆಯದಕ್ಕೆ, ಕೋಡಿನೊಳಗಿನ ವಿಳಾಸ ಅವರದಲ್ಲ, ನಿಮ್ಮ ಹೆಸರಿನಲ್ಲಿ ಕೊಂಡ ಡೊಮೇನ್ (ವೆಬ್ ವಿಳಾಸ) ಆಗಿರಬೇಕು. ಅದನ್ನು ಚೀಟಿ ಅಚ್ಚಿಗೆ ಕೊಡುವ ಮುನ್ನವೇ ಕೊಂಡುಕೊಳ್ಳಿ. ಸಾವಿರಾರು ಚೀಲಕ್ಕೆ ಚೀಟಿ ಹಚ್ಚಿದ ಮೇಲೆ ವಿಳಾಸ ಬದಲಿಸಲು ಬರುವುದಿಲ್ಲ.